ಸಣ್ಣ ಟ್ರಾಕ್ಟರ್ ಕೊಳ್ಳುವ ಮುನ್ನ: ಸಲಕರಣೆಯ ಆಯ್ಕೆ, ಸಾಲದ ಲೆಕ್ಕ

2025ನೆಯ ಇಸವಿ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ಮೇಲಿನ ಜಿ.ಎಸ್.ಟಿ. ತೆರಿಗೆ ನೂರಕ್ಕೆ 12ರಿಂದ 5ಕ್ಕೆ ಇಳಿಯಿತು. ಉಳುವ, ಬಿತ್ತುವ ಸಲಕರಣೆಗಳ ತೆರಿಗೆಯೂ ಅಷ್ಟಕ್ಕೇ ಬಂದಿತು. ಟ್ರಾಕ್ಟರ್ ಟೈರು ಮತ್ತು ಬಿಡಿಭಾಗಗಳದು 18ರಿಂದ 5ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ ಐದು ಲಕ್ಷವಿದ್ದ ಗಾಡಿಗೆ ಮೊದಲು 5,60,000 ರೂಪಾಯಿ ಆಗುತ್ತಿದ್ದುದು 5,25,000ಕ್ಕೆ ನಿಂತಿತು. ಮೂವತ್ತೈದು ಸಾವಿರವೆಂದರೆ ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ಅಂದಿನಿಂದ ರತ್ನಗಿರಿ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಯ ಕಡೆ ಯಾವ ಕಟ್ಟೆಯ ಮೇಲೆ ಕುಳಿತರೂ ಸಣ್ಣ ಟ್ರಾಕ್ಟರಿನದೇ ಮಾತು. "ಮೇಷ್ಟ್ರೇ, ಯಾವ ಕಂಪನಿದು ತಗೊಳ್ಳೋದು ಹೇಳಿ" ಎಂದು ನಮ್ಮನ್ನು ಕೇಳಿದವರು ಹತ್ತಾರು ಮಂದಿ. ನಾವು ಅವರಿಗೆಲ್ಲ, "ಅದರ ಹಿಂದೆ ಏನು ಕಟ್ಟುತ್ತೀರಿ, ಅದನ್ನು ಮೊದಲು ಹೇಳಿ" ಎಂದು ಮರುಪ್ರಶ್ನೆ ಹಾಕಿದೆವು. ಮೇಷ್ಟ್ರು ಮಾತು ತೇಲಿಸುತ್ತಿದ್ದಾರೆ ಎಂದು ಕೆಲವರು ಬೇಸರ ಪಟ್ಟುಕೊಂಡರು. ತೇಲಿಸಲಿಲ್ಲ. ಆ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳದೆ ಒಮ್ಮೆ ಪೆಟ್ಟು ತಿಂದಿದ್ದೇವೆ.

ಕೆಲವು ವರ್ಷದ ಹಿಂದೆ ನಾವು ಹದಿನೆಂಟು ಅಶ್ವಶಕ್ತಿಯ ಸಣ್ಣ ಟ್ರಾಕ್ಟರ್ ತಂದೆವು. ಗಾಡಿ ಒಳ್ಳೆಯದೇ. ಆದರೆ ಅಂಗಡಿಯವರು, "ಸಾರ್, ಇದೇ ಸಾಲದಲ್ಲಿ ರೋಟವೇಟರೂ ಸೇರಿಸಿಬಿಡೋಣ, ತಿಂಗಳಿಗೆ ಎಷ್ಟೂ ಬೀಳಲ್ಲ" ಎಂದರು. ಅವರಲ್ಲಿ ಆ ಹೊತ್ತಿಗೆ ದಾಸ್ತಾನಿದ್ದುದು ಐದಡಿಯದು. ದೊಡ್ಡದಿದ್ದರೆ ಕೆಲಸ ಬೇಗ ಆದೀತೆಂದು ನಾವೂ ತಲೆ ಆಡಿಸಿದೆವು. ಮನೆಗೆ ತಂದು ಬದುವಿನ ಬಳಿ ಅದನ್ನು ಎತ್ತಿದ ಕೂಡಲೇ ಟ್ರಾಕ್ಟರಿನ ಮುಂದಿನ ಎರಡು ಗಾಲಿಗಳೂ ನೆಲ ಬಿಟ್ಟವು. ಹೊಲದಲ್ಲಿ ಇಳಿಸಿದರೆ ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತಿತ್ತು. ಎತ್ತು ಏರಿಗೆ ಕೋಣ ನೀರಿಗೆ ಎಂದಂತಾಯಿತು ನಮ್ಮ ಜೋಡಿ. ಎರಡು ವರ್ಷ ಹುಣಿಸೆಮರದ ಕೆಳಗೆ ತುಕ್ಕು ಹಿಡಿದ ಮೇಲೆ ಅದನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿದೆವು. ಸಾಲದ ಕಂತಿನಲ್ಲಿ ಮಾತ್ರ ಅದರ ಪಾಲು ಇನ್ನೂ ಮೂರು ವರ್ಷ ಹೋಗುತ್ತಲೇ ಇತ್ತು.

ಆದುದರಿಂದ ಈ ಬರಹದಲ್ಲಿ ಕಂಪನಿಗಳ ಗುಣಗಾನವಿಲ್ಲ. ಬೆಂಗಳೂರಿನಲ್ಲಿ 1967ರಲ್ಲಿ ಆರಂಭವಾದ ವಿ.ಎಸ್.ಟಿ.ಯವರ ಸಣ್ಣ ಗಾಡಿ, ಮಹೀಂದ್ರದವರ ಜೀವೋ, ಸ್ವರಾಜ್, ಕುಬೋಟ, ಜಾನ್ ಡಿಯರ್ ಇವೆಲ್ಲ ನಮ್ಮ ಸುತ್ತಮುತ್ತ ಓಡಾಡುತ್ತಿವೆ. ಕೆಟ್ಟಾಗ ಬಿಡಿಭಾಗ ಎಲ್ಲಿ ಸಿಗುತ್ತದೆ, ಮೆಕ್ಯಾನಿಕ್ ಎಷ್ಟು ಹೊತ್ತಿನಲ್ಲಿ ಬರುತ್ತಾನೆ ಎಂಬುದನ್ನು ನಿಮ್ಮೂರಲ್ಲಿ ಆ ಗಾಡಿ ಇಟ್ಟುಕೊಂಡವರನ್ನೇ ಕೇಳಬೇಕು. ಅದಕ್ಕಿಂತ ಹೆಚ್ಚಿನ ಸಲಹೆ ನಮ್ಮಲ್ಲಿಲ್ಲ.

ಅಶ್ವಶಕ್ತಿಯ ಮಾತು

ಸಣ್ಣ ಟ್ರಾಕ್ಟರ್ ಎಂದರೆ ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ಅಶ್ವಶಕ್ತಿಯೊಳಗಿನದು. ಅಂಗಡಿಯವರು ಹೇಳುವುದು ಇಂಜಿನ್ನಿನ ಶಕ್ತಿ. ರೋಟವೇಟರನ್ನು ತಿರುಗಿಸುವುದು ಹಿಂದಿನ ತಿರುಗುಕಡ್ಡಿಗೆ, ಅಂದರೆ ಪಿ.ಟಿ.ಓ.ಗೆ, ಬಂದು ಮುಟ್ಟುವ ಶಕ್ತಿ. ದಾರಿಯಲ್ಲಿ ಗೇರು ಬೆಲ್ಟುಗಳಲ್ಲಿ ಒಂದಿಷ್ಟು ಸವೆದು, ಇಪ್ಪತ್ತನಾಲ್ಕು ಇದ್ದದ್ದು ಇಪ್ಪತ್ತರ ಆಸುಪಾಸಿಗೆ ನಿಲ್ಲುತ್ತದೆ. ಈ ಎರಡನೆಯ ಅಂಕಿಯನ್ನೇ ಕೇಳಿ ತಿಳಿದುಕೊಳ್ಳಬೇಕು. ಸುಮಾರಾಗಿ ಹೇಳುವುದಾದರೆ ಹದಿನೈದು ಹದಿನೆಂಟರ ಗಾಡಿಗೆ ಎರಡೂವರೆಯಿಂದ ಮೂರಡಿ ರೋಟವೇಟರ್, ಇಪ್ಪತ್ತನಾಲ್ಕು ಇಪ್ಪತ್ತೇಳರ ಗಾಡಿಗೆ ನಾಲ್ಕಡಿಯದು. ಅದಕ್ಕಿಂತ ಅಗಲದ್ದು ಪುಕ್ಕಟೆ ಕೊಟ್ಟರೂ ಬೇಡ.

ಇನ್ನೊಂದು ಅಂಕಿ ಎತ್ತುವ ಬಲದ್ದು. ಸಣ್ಣ ಗಾಡಿಗಳ ಹೈಡ್ರಾಲಿಕ್ ಎತ್ತುವುದು ಸಾಮಾನ್ಯವಾಗಿ 500ರಿಂದ 750 ಕಿಲೋ. ಸಲಕರಣೆಯ ತೂಕ ಅದರೊಳಗಿದ್ದರೆ ಸಾಲದು; ಅದು ಗಾಡಿಯಿಂದ ಎಷ್ಟು ಹಿಂದಕ್ಕೆ ಚಾಚಿಕೊಂಡಿದೆ ಎಂಬುದೂ ಮುಖ್ಯ. ಏತದ ಮರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ತೂಕದ ಕಬ್ಬಿಣ ಹಾಕಿಸಿಕೊಂಡರೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ. ಕೊಳ್ಳುವ ಮೊದಲು ಸಲಕರಣೆಯನ್ನು ಕಟ್ಟಿಸಿ, ಎತ್ತಿಸಿ, ನಿಮ್ಮ ಹೊಲದಲ್ಲೇ ಅರ್ಧ ಗಂಟೆ ಓಡಿಸಿ ತೋರಿಸಲು ಹೇಳಿ. ಅಂಗಡಿಯ ಅಂಗಳದಲ್ಲಿ ತೋರಿಸುವುದು ತೋರಿಕೆಯಷ್ಟೇ.

ನಮ್ಮ ಜನಕ್ಕೆ ಹತ್ತಿರದಲ್ಲೇ ಒಂದು ಸೌಕರ್ಯವಿದೆ, ಬಳಸುವವರು ಕಡಿಮೆ. ಅನಂತಪುರದಿಂದ ಗುತ್ತಿಗೆ ಹೋಗುವ ದಾರಿಯಲ್ಲಿ ಗಾರ್ಲದಿನ್ನೆ ಎಂಬಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ 1983ರಿಂದ ನಡೆಯುತ್ತಿದೆ. ಯಂತ್ರಗಳನ್ನು ಪರೀಕ್ಷಿಸಿ ವರದಿ ಕೊಡುವುದು ಅದರ ಒಂದು ಕೆಲಸ. ರೈತರಿಗೆ ಯಂತ್ರ ನಡೆಸುವ, ಕಾಪಾಡುವ ತರಬೇತಿ ಕೊಡುವುದು ಇನ್ನೊಂದು. ಮನೆಯ ಹುಡುಗನನ್ನು ಗಾಡಿ ತರುವ ಮೊದಲೇ ಅಲ್ಲಿಗೆ ಕಳಿಸಿದರೆ, ಅವನು ಆಮೇಲೆ ಉಳಿಸುವ ಹಣ ಬಸ್ಸಿನ ಖರ್ಚಿನ ಹತ್ತರಷ್ಟಾದೀತು.

ಹೊಲಕ್ಕೆ ತಕ್ಕ ಸಲಕರಣೆ

ನಮ್ಮದು ಮಳೆ ಕಡಿಮೆಯ ಸೀಮೆ. ಹಳೆಯ ಅನಂತಪುರ ಜಿಲ್ಲೆಗೆ ವರ್ಷದಲ್ಲಿ ಬೀಳುವುದು ಸುಮಾರು 550 ಮಿಲಿಮೀಟರ್. ದೇಶದಲ್ಲೇ ಅತಿ ಕಡಿಮೆ ಮಳೆಯ ಜಿಲ್ಲೆಗಳ ಸಾಲಿನಲ್ಲಿ ಅದರ ಹೆಸರಿದೆ. ಆ ಮಳೆಯೂ ಹೇಳಿ ಕೇಳಿ ಬರುವುದಲ್ಲ. ಮೃಗಶಿರ, ಆರಿದ್ರದಲ್ಲಿ ಒಂದು ಹದ ಬಂದರೆ ನಾಲ್ಕೈದು ದಿನದೊಳಗೆ ಶೇಂಗಾ ಭೂಮಿಗೆ ಬೀಳಬೇಕು. ಬೆದ್ದಲು ಹೊಲದವನಿಗೆ ಟ್ರಾಕ್ಟರಿನ ನಿಜವಾದ ಉಪಯೋಗ ಇಲ್ಲಿ. ಉಳುಮೆಯನ್ನು ಬಾಡಿಗೆಗೆ ಮಾಡಿಸಿಕೊಳ್ಳಬಹುದು, ಎಂಟು ದಿನ ಹಿಂದೆ ಮುಂದೆ ಆದರೂ ನಡೆಯುತ್ತದೆ. ಬಿತ್ತನೆಗೆ ಆ ಅವಕಾಶವಿಲ್ಲ.

ಹೀಗಿದ್ದೂ ಹೊಸ ಗಾಡಿ ತಂದವರಲ್ಲಿ ಹತ್ತಕ್ಕೆ ಎಂಟು ಮಂದಿ ಮೊದಲು ಕೊಳ್ಳುವುದು ರೋಟವೇಟರ್. ಕಾರಣ ತಿಳಿದದ್ದೇ: ಒಂದೇ ಸಾಲಿಗೆ ಮಣ್ಣು ಹಿಟ್ಟಿನಂತಾಗುತ್ತದೆ, ನೋಡಲು ಚೆಂದ. ನಮ್ಮ ಕೆಂಪು ಮಣ್ಣಿಗೆ ಆ ಚೆಂದ ಒಳ್ಳೆಯದಲ್ಲ. ಹಿಟ್ಟಾದ ಮಣ್ಣಿನ ಮೇಲೆ ಬಿರುಮಳೆ ಹೊಡೆದರೆ ಮೇಲೆ ಹೆಪ್ಪುಗಟ್ಟುತ್ತದೆ, ಮೊಳಕೆ ಮೇಲೇಳಲು ತಿಣುಕುತ್ತದೆ. ವರ್ಷ ವರ್ಷವೂ ಒಂದೇ ಆಳಕ್ಕೆ ಅಲಗು ತಿರುಗಿದರೆ ಐದಾರು ಅಂಗುಲದ ಕೆಳಗೆ ಗಟ್ಟಿ ಪದರ ಕೂರುತ್ತದೆ. ಬಿದ್ದಷ್ಟು ಮಳೆಯೂ ಇಂಗದೆ ಹರಿದು ಹೋಗುತ್ತದೆ. ಬೆದ್ದಲಿಗೆ ಐದು ಹಲ್ಲಿನ ಕಲ್ಟಿವೇಟರ್ ಸಾಕು. ಅದರ ಬೆಲೆ ರೋಟವೇಟರಿನ ಒಂದು ಪಾಲು ಮಾತ್ರ, ಕೆಡುವ ಭಾಗಗಳೂ ಇಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಟ್ರಾಕ್ಟರನ್ನು ಬಾಡಿಗೆಗೆ ಕರೆದು ಆಳದ ಮಾಗಿ ಉಳುಮೆ ಮಾಡಿಸಿಕೊಳ್ಳುವುದು ಒಳ್ಳೆಯದು. ಆ ಕೆಲಸಕ್ಕೆ ಸಣ್ಣ ಗಾಡಿಯನ್ನು ಹಿಂಸೆ ಮಾಡಬಾರದು.

ಎರಡನೆಯದು ಬಿತ್ತನೆಯ ಕೂರಿಗೆ. ಮಡಕಶಿರಾ, ಹಿಂದೂಪುರದ ಅಂಗಡಿಗಳಲ್ಲಿ ಕೂರಿಗೆ ಎಂದರೆ ತಿಳಿಯದಿದ್ದರೆ ಗೊರ್ರು ಎಂದು ಕೇಳಿ. ಶೇಂಗಾಕ್ಕೆ ಸಾಲಿನಿಂದ ಸಾಲಿಗೆ ಒಂದಡಿ, ಬೀಜದಿಂದ ಬೀಜಕ್ಕೆ ನಾಲ್ಕು ಅಂಗುಲ, ಆಳ ಎರಡು ಅಂಗುಲ. ಈ ಲೆಕ್ಕಕ್ಕೆ ಬೀಜ ಬೀಳಿಸುವ ತಟ್ಟೆಗಳಿರುವ ಯಂತ್ರಗಳು ಬಂದಿವೆ. ಅನಂತಪುರದ ಕೃಷಿ ಸಂಶೋಧನಾ ಕೇಂದ್ರದವರು ಅನಂತ ಎಂಬ ಹೆಸರಿನಿಂದ ಶೇಂಗಾ ಬಿತ್ತುವ ಯಂತ್ರವನ್ನೇ ರೂಪಿಸಿದ್ದಾರೆ. ಕೊಳ್ಳುವವರು ನೋಡಬೇಕಾದದ್ದು ಮೂರು ಸಂಗತಿ. ತಟ್ಟೆಯ ಗುಳಿ ನಿಮ್ಮ ಬೀಜದ ಗಾತ್ರಕ್ಕೆ ಹೊಂದುತ್ತದೆಯೇ? ತಳಿ ಬದಲಾದರೆ ಕಾಳೂ ಬದಲಾಗುತ್ತದೆ, ಹೊಂದದಿದ್ದರೆ ಕಾಳು ಒಡೆದು ಹೋಗುತ್ತದೆ. ಅಕ್ಕಡಿ ಸಾಲಿಗೆ ತೊಗರಿ ಬಿಡಲು ಬೇರೆ ಡಬ್ಬಿ ಇದೆಯೇ? ನಿಮ್ಮ ಗಾಡಿ ಎಳೆಯಬಲ್ಲಷ್ಟೇ ಸಾಲುಗಳಿವೆಯೇ? ಎಂಟು ಸಾಲಿನ ಯಂತ್ರ ದೊಡ್ಡ ಗಾಡಿಗೆ. ಸಣ್ಣದಕ್ಕೆ ಐದು ಸಾಲು ನೆಮ್ಮದಿ. ಹೊಲಕ್ಕೆ ಇಳಿಸುವ ಮುನ್ನ ಯಂತ್ರವನ್ನು ಎತ್ತಿಟ್ಟು, ಗಾಲಿಯನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಿ, ಪ್ರತಿ ನಳಿಗೆಯಿಂದ ಬಿದ್ದ ಕಾಳು ಎಣಿಸಿ. ಒಂದು ನಳಿಗೆ ಕಟ್ಟಿಕೊಂಡಿದ್ದರೆ ಆಗಲೇ ತಿಳಿಯುತ್ತದೆ. ತಿಳಿಯದೆ ಬಿತ್ತಿದರೆ ಹನ್ನೆರಡನೆಯ ದಿನ ಇಡೀ ಊರಿಗೆ ತಿಳಿಯುತ್ತದೆ.

ಮೂರನೆಯದು ಎಡೆಕುಂಟೆ. ಬೆಳೆಯ ನಡುವೆ ಹಾಯಿಸುವುದಾದರೆ ಗಾಲಿಗಳ ನಡುವಿನ ಅಂತರವನ್ನು ಹೆಚ್ಚು ಕಡಿಮೆ ಮಾಡುವಂತಿರಬೇಕು, ಟೈರು ಸಣ್ಣದಿರಬೇಕು. ಇಲ್ಲದಿದ್ದರೆ ಕಳೆಯ ಜೊತೆಗೆ ಬೆಳೆಯೂ ಹೋಗುತ್ತದೆ. ನಮ್ಮ ಅನುಭವದಲ್ಲಿ ಶೇಂಗಾದ ಒಂದಡಿ ಸಾಲಿನಲ್ಲಿ ಎತ್ತಿನ ಕುಂಟೆಯ ಕೆಲಸವನ್ನು ಸಣ್ಣ ಟ್ರಾಕ್ಟರ್ ಮಾಡಲಾರದು. ಜೋಡಿ ಎತ್ತು ಇರುವವರು ಟ್ರಾಕ್ಟರ್ ಬಂದಿತೆಂದು ಎತ್ತು ಮಾರಬೇಡಿ ಎಂದು ಹೇಳುವುದು ಇದಕ್ಕೇ.

ಅಡಿಕೆ ತೋಟದ ಮಾತು ಬೇರೆ. ಅಲ್ಲಿ ಸಣ್ಣ ಗಾಡಿಯೇ ರಾಜ. ಒಂಬತ್ತಡಿಗೆ ಒಂಬತ್ತಡಿ ಇಟ್ಟ ತೋಟದಲ್ಲಿ ಮೂರು ಮೂರೂವರೆ ಅಡಿ ಅಗಲದ ಗಾಡಿ ಆರಾಮವಾಗಿ ತಿರುಗುತ್ತದೆ. ತೋಟಕ್ಕೆ ರೋಟವೇಟರ್ ಬೇಕಾದೀತು, ಆದರೆ ಅಡಿಕೆಯ ಹೆಚ್ಚಿನ ಬೇರು ಬುಡದ ಸುತ್ತ ಮೂರಡಿಯೊಳಗೆ, ಮೇಲುಮಣ್ಣಿನಲ್ಲೇ ಹರಡಿರುತ್ತದೆ. ಬುಡದ ತನಕ ಅಲಗು ಹಾಯಿಸಿ ತೋಟ ಹಳದಿಗೆ ತಿರುಗಿತೆಂದು ಔಷಧಿ ಹುಡುಕುತ್ತಾ ತಿರುಗಿದವರನ್ನು ನೋಡಿದ್ದೇವೆ. ಸಾಲಿನ ನಡುವೆ ಮೂರಡಿ ಅಗಲದಷ್ಟು ಮಾತ್ರ ಉತ್ತರೆ ಸಾಕು. ಹುಲ್ಲು ಸವರುವ ಯಂತ್ರವಾದರೆ ಇನ್ನೂ ಉತ್ತಮ. ಹನಿ ನೀರಾವರಿಯ ಪೈಪನ್ನು ಮೊದಲು ಎತ್ತಿಕಟ್ಟಿ. ರೋಟವೇಟರಿಗೆ ಸುತ್ತಿಕೊಂಡ ಪೈಪನ್ನು ಬಿಡಿಸುವುದರಲ್ಲಿ ನಾವು ಒಂದು ಭಾನುವಾರವನ್ನೇ ಕಳೆದಿದ್ದೇವೆ.

ಹಿಪ್ಪುನೇರಳೆ ಇಡುವವರು ಗಾಡಿ ಬರುವುದಕ್ಕೆ ಮೊದಲೇ ಕಡ್ಡಿ ನೆಡುವ ಅಂತರವನ್ನು ಯೋಚಿಸಬೇಕು. ಮೂರಡಿ ಮತ್ತು ಐದಡಿ ಬಿಟ್ಟು ಜೋಡಿ ಸಾಲಿನಲ್ಲಿ ನೆಟ್ಟರೆ ಐದಡಿಯ ಓಣಿಯಲ್ಲಿ ಸಣ್ಣ ಟ್ರಾಕ್ಟರ್ ಹಾಯುತ್ತದೆ. ಹಳೆಯ ಮೂರಡಿ ತೋಟಕ್ಕೆ ಯಾವ ಟ್ರಾಕ್ಟರೂ ಹೋಗುವುದಿಲ್ಲ. ಅಂಥವರಿಗೆ ಕೈಟಿಲ್ಲರೇ ಗತಿ.

ರಾಯದುರ್ಗದ ಕಡೆಯವರಿಗೆ ಎರಡು ಮಾತು. ಕಣೇಕಲ್, ಬೊಮ್ಮನಹಾಳ್ ಕಡೆ ಕಾಲುವೆ ನೀರಿನ ಗದ್ದೆ ಇರುವವರು ನಾಲ್ಕು ಗಾಲಿಗೂ ಎಳೆತವಿರುವ ಗಾಡಿಯನ್ನೇ ನೋಡಬೇಕು, ಕೆಸರು ಮಾಡಲು ಕೇಜ್ ವೀಲ್ ಬೇಕು. ಎರೆಭೂಮಿಯ ಬೆದ್ದಲು ಹೊಲಕ್ಕೆ ಸಣ್ಣ ಟ್ರಾಕ್ಟರೊಂದನ್ನೇ ನಂಬಿ ಕೂರುವುದು ಸರಿಯಲ್ಲ. ಒಣಗಿದರೆ ಕಲ್ಲು, ನೆನೆದರೆ ಅಂಟು; ಆ ಮಣ್ಣಿನ ಮೊದಲ ಉಳುಮೆ ದೊಡ್ಡ ಗಾಡಿಯ ಕೆಲಸ.

ಟ್ರೈಲರ್ ಎಲ್ಲರಿಗೂ ಬೇಕೆನಿಸುತ್ತದೆ. ಗೊಬ್ಬರ, ಮೇವು, ಅಡಿಕೆ ಗೊನೆ ಸಾಗಿಸಲು ಒಳ್ಳೆಯದೇ. ಸಣ್ಣ ಗಾಡಿಗೆ ಒಂದರಿಂದ ಒಂದೂವರೆ ಟನ್ನಿನದು ಸಾಕು. ರತ್ನಗಿರಿ ಬೆಟ್ಟದ ಮಗ್ಗುಲಿನ ಇಳಿಜಾರಿನಲ್ಲಿ ತುಂಬಿದ ಟ್ರೈಲರ್ ಹಿಂದಿನಿಂದ ತಳ್ಳತೊಡಗಿದರೆ ಹಗುರ ಗಾಡಿಯ ಬ್ರೇಕು ಹಿಡಿಯುವುದಿಲ್ಲ. ಟ್ರೈಲರಿಗೂ ಬೇರೆ ನೋಂದಣಿ, ವಿಮೆ ಬೇಕು. ಕೂಲಿ ಹೆಣ್ಣುಮಕ್ಕಳನ್ನು ಅದರಲ್ಲಿ ತುಂಬಿಕೊಂಡು ಹೋಗುವುದು ನಮ್ಮಲ್ಲಿ ದಿನದ ನೋಟ. ಅದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯವರು ಕೈ ತೊಳೆದುಕೊಳ್ಳಲು ಅದೊಂದೇ ಕಾರಣ ಸಾಕು, ಪರಿಹಾರದ ಹೊಣೆ ಗಾಡಿಯ ಯಜಮಾನನ ತಲೆಗೆ ಬರಬಹುದು.

ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆವು. ಪಿ.ಟಿ.ಓ. ಕಡ್ಡಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು. ಪಂಚೆಯ ಚುಂಗು, ಹೆಗಲ ಟವಲು, ಸೀರೆಯ ಸೆರಗು ತಗುಲಿದರೆ ಕೂಗುವಷ್ಟೂ ಹೊತ್ತು ಸಿಗುವುದಿಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಕವಚವನ್ನು ತೆಗೆದು ಬಿಸಾಡುವ ಚಾಳಿ ನಮ್ಮ ಹುಡುಗರಲ್ಲಿದೆ. ಸಲಕರಣೆ ಕೊಳ್ಳುವಾಗ ಕವಚ ಇದೆಯೇ ಎಂದು ನೋಡಿಯೇ ಹಣ ಕೊಡಿ.

ಗಂಟೆಯ ಲೆಕ್ಕ

ಈಗ ಪೆನ್ಸಿಲ್ ಹಿಡಿಯೋಣ. ಆರು ಎಕರೆಯ ಒಬ್ಬ ರೈತರನ್ನು ಇಟ್ಟುಕೊಳ್ಳಿ: ನಾಲ್ಕೆಕರೆ ಬೆದ್ದಲು, ಎರಡೆಕರೆ ಅಡಿಕೆ. ಬೆದ್ದಲಿಗೆ ಎರಡು ಸಲ ಕಲ್ಟಿವೇಟರ್, ಎಕರೆಗೆ ಗಂಟೆಯಂತೆ ಎಂಟೊಂಬತ್ತು ಗಂಟೆ. ಬಿತ್ತನೆ ಐದು ಗಂಟೆ, ರಾಗಿ ಹೊಲದ ಹಲುಬೆ, ಕುಂಟೆ ಹತ್ತು ಗಂಟೆ. ನಾಲ್ಕಡಿ ರೋಟವೇಟರಿಗೆ ಎಕರೆಗೆ ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ತೋಟಕ್ಕೆ ವರ್ಷಕ್ಕೆ ನಾಲ್ಕು ಸಲವೆಂದರೆ ಹದಿನಾರು ಗಂಟೆ. ಔಷಧಿ ಸಿಂಪಡಣೆ ಹತ್ತು, ಸಾಗಣೆ ಮೂವತ್ತು. ಎಲ್ಲ ಸೇರಿಸಿದರೂ ಎಂಬತ್ತು ಗಂಟೆ. ವರ್ಷವಿಡೀ ಎಂಬತ್ತೇ!

ಈ ರೈತರು 5,25,000ದ ಗಾಡಿಗೆ 1,25,000 ಕೈಯಿಂದ ಹಾಕಿ ನಾಲ್ಕು ಲಕ್ಷ ಸಾಲ ತಂದರೆಂದು ಭಾವಿಸೋಣ. ಐದು ವರ್ಷ, ಆರು ತಿಂಗಳಿಗೊಂದು ಕಂತು, ಉಳಿದ ಅಸಲಿನ ಮೇಲೆ ನೂರಕ್ಕೆ 12 ಬಡ್ಡಿ. ಕಂತಿಗೆ 40,000 ಅಸಲು. ಮೊದಲ ಕಂತಿನಲ್ಲಿ ಬಡ್ಡಿ 24,000, ಎರಡನೆಯದರಲ್ಲಿ 21,600. ಮೊದಲ ವರ್ಷ ಒಟ್ಟು 1,25,600 ಕಟ್ಟಬೇಕು. ಬಾಡಿಗೆ ಗಂಟೆಗೆ 900 ಎಂದುಕೊಂಡರೆ, ಡೀಸೆಲಿಗೆ 300, ಸವೆತ, ರಿಪೇರಿಗೆ 100 ಕಳೆದು 500 ಉಳಿಯುತ್ತದೆ. ಇವು ಉದಾಹರಣೆಯ ಅಂಕಿಗಳು, ನಿಮ್ಮೂರಿನ ದರವನ್ನು ನೀವೇ ಹಾಕಿಕೊಳ್ಳಿ. ಕಂತು ಹುಟ್ಟಬೇಕಾದರೆ ಗಾಡಿ 251 ಗಂಟೆ ದುಡಿಯಬೇಕು. ಸ್ವಂತಕ್ಕೆ ಎಂಬತ್ತು ಕಳೆದರೆ 171 ಗಂಟೆ ಹೊರಗಿನ ಬಾಡಿಗೆ. ಅಷ್ಟು ಬಾಡಿಗೆ ನಿಮ್ಮೂರಲ್ಲಿ ಉಂಟೇ? ಇದ್ದರೂ ಹದ ಬಂದ ನಾಲ್ಕು ದಿನದಲ್ಲಿ ನೆರೆಯವರ ಹೊಲಕ್ಕೆ ಹೋಗುವಿರೋ, ನಿಮ್ಮದನ್ನು ಬಿತ್ತುವಿರೋ? ಮಳೆ ಕೈಕೊಟ್ಟ ವರ್ಷ ಬಾಡಿಗೆಯೂ ಇಲ್ಲ, ಬೆಳೆಯೂ ಇಲ್ಲ. ಕಂತು ಮಾತ್ರ ತಪ್ಪುವುದಿಲ್ಲ. ಪಕ್ಕದ ಊರಿನ ನಮ್ಮ ಪರಿಚಿತರೊಬ್ಬರ ಗಾಡಿಯನ್ನು ಎರಡನೆಯ ವರ್ಷವೇ ಸಾಲ ಕೊಟ್ಟವರು ಕೊಂಡೊಯ್ದರು. ಕೊಟ್ಟ ಮುಂಗಡವೂ ಹೋಯಿತು, ಅದಕ್ಕೆಂದು ಮಾರಿದ ಎತ್ತೂ ಇಲ್ಲ.

ಸಾಲದ ಮಾತು

ಅಂಗಡಿಯಲ್ಲಿ ಕೂರುವ ಹಣಕಾಸು ಕಂಪನಿಯವರು, "ಬ್ಯಾಂಕಿನವರು 12 ಹಾಕುತ್ತಾರೆ, ನಮ್ಮದು ಬರೀ 9" ಎನ್ನುವುದುಂಟು. ಅದು ಫ್ಲಾಟ್ ಬಡ್ಡಿಯೇ, ಇಳಿಯುವ ಅಸಲಿನ ಬಡ್ಡಿಯೇ ಎಂದು ಕೇಳಿ. ಫ್ಲಾಟ್ ಎಂದರೆ ನೀವು ಎಷ್ಟೇ ತೀರಿಸಿದ್ದರೂ ಕೊನೆಯ ಕಂತಿನವರೆಗೆ ಮೊದಲಿನ ನಾಲ್ಕು ಲಕ್ಷದ ಮೇಲೆಯೇ ಬಡ್ಡಿ. ನೂರಕ್ಕೆ 9ರಂತೆ ವರ್ಷಕ್ಕೆ 36,000, ಐದು ವರ್ಷಕ್ಕೆ 1,80,000. ಮೇಲೆ ಹೇಳಿದ ನೂರಕ್ಕೆ 12ರ ಸಾಲದಲ್ಲಿ ಕಂತು ಕಂತಿಗೂ ಬಡ್ಡಿ 2,400 ರೂಪಾಯಿಯಂತೆ ಇಳಿಯುತ್ತಾ ಹೋಗಿ, ಹತ್ತು ಕಂತು ಕೂಡಿಸಿದರೆ ಆಗುವುದು 1,32,000. "ಬರೀ 9" ಎಂಬುದು 48,000 ರೂಪಾಯಿ ದುಬಾರಿ. ಆ ಒಂಬತ್ತನ್ನು ಬ್ಯಾಂಕಿನ ರೀತಿಯಲ್ಲಿ ಎಣಿಸಿದರೆ ಹೆಚ್ಚು ಕಡಿಮೆ 15 ಆಗುತ್ತದೆ.

ಈ ಲೆಕ್ಕವನ್ನು ನಾವು ನಮ್ಮ ಏಳನೆಯ ತರಗತಿಯ ಮಕ್ಕಳಿಗೆ ಸರಳ ಬಡ್ಡಿಯ ಪಾಠದಲ್ಲಿ ಕೊಟ್ಟಿದ್ದೆವು. ಹಿಂದಿನ ಸಾಲಿನ ಹುಡುಗಿಯೊಬ್ಬಳು, "ತೀರಿಸಿದ ದುಡ್ಡಿಗೂ ಯಾಕೆ ಸಾರ್ ಬಡ್ಡಿ?" ಎಂದಳು. ಐದಡಿ ರೋಟವೇಟರ್ ಕೊಂಡ ದಿನ ನಮಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ನಮ್ಮ ಗಡಿಯ ಜನಕ್ಕೆ ಇದರ ಮೇಲೆ ಇನ್ನೊಂದು ತೊಡಕು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು, ಸಾಲದ ಕಾಗದ ಇಂಗ್ಲಿಷು. ಇಪ್ಪತ್ತು ಮೂವತ್ತು ಕಡೆ ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕಿ ಬರುತ್ತೇವೆ. ಭಾರತೀಯ ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿ, ಅದೇ ವರ್ಷದ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೂ ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕೆಂದು ವಿಧಿಸಿತು. ಎಲ್ಲ ಖರ್ಚು ಸೇರಿದ ವಾರ್ಷಿಕ ದರ, ಅಂದರೆ ಎ.ಪಿ.ಆರ್. ಎನ್ನುವುದು, ಅದರಲ್ಲಿರಬೇಕು; ಕಂತುಗಳ ಪಟ್ಟಿ ಇರಬೇಕು; ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಅದನ್ನು ಬರೆದು ವಿವರಿಸಬೇಕು. ಯೋಚಿಸಲು ಕಡಿಮೆಯೆಂದರೆ ಮೂರು ಕೆಲಸದ ದಿನಗಳ ಕಾಲಾವಕಾಶವೂ ಉಂಟು. ಹಣಕಾಸು ಕಂಪನಿಗಳಿಗಂತೂ ಸಾಲಗಾರನೊಡನೆ ಅವನಿಗೆ ತಿಳಿಯುವ ಭಾಷೆಯಲ್ಲೇ ವ್ಯವಹರಿಸಬೇಕೆಂಬ ನಿಯಮ ಇದಕ್ಕಿಂತ ಹಳೆಯದು. ಟ್ರಾಕ್ಟರ್ ಸಾಲಕ್ಕೆ ಹೋದಾಗ ಈ ಪತ್ರವನ್ನು ಕನ್ನಡದಲ್ಲಿ ಕೊಡಿ ಎಂದು ಬಾಯಿಬಿಟ್ಟು ಕೇಳಿ. ಮನೆಗೆ ತಂದು, ಓದು ಬಲ್ಲ ಮಕ್ಕಳ ಕೈಯಲ್ಲಿ ಓದಿಸಿ, ಎರಡು ರಾತ್ರಿ ಕಳೆದ ಮೇಲೆ ಸಹಿ ಮಾಡಿ. ಕೇಳಿದವರಿಗೆ ಸಾಲವಿಲ್ಲ ಎಂದರೆ ಆ ಸಾಲ ಬೇಡ.

ಬ್ಯಾಂಕಿನ ಬಡ್ಡಿ ಸಾಮಾನ್ಯವಾಗಿ ಕಡಿಮೆ. ಆದರೆ ದೊಡ್ಡ ಮೊತ್ತಕ್ಕೆ ಜಮೀನು ಅಡವು ಕೇಳುವುದುಂಟು. 2025ರ ಜನವರಿಯಿಂದ ಎರಡು ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡವು ಬೇಡವೆಂದು ನಿಯಮವಾಗಿದೆ. ಸಾಧ್ಯವಾದರೆ ಸಾಲವನ್ನು ಅದರೊಳಗೇ ನಿಲ್ಲಿಸುವುದು, ಇಲ್ಲವೇ ಹಳೆಯ ಗಾಡಿ ನೋಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ನಮ್ಮ ಊರುಗಳಲ್ಲಿದ್ದ ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಆಂಧ್ರ ಪ್ರದೇಶ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಹಳೆಯ ಪಾಸ್‌ಪುಸ್ತಕ ಇರುವವರು ಹೊಸ ಹೆಸರು ಕಂಡು ಗಾಬರಿಯಾಗಬೇಕಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲದ ಹಣವನ್ನು ಗಾಡಿಯ ಮುಂಗಡಕ್ಕೆ ಹಾಕುವವರಿದ್ದಾರೆ. ಬೆಳೆ ಸಾಲ ಗಡುವಿನೊಳಗೆ ತೀರಿಸಿದರೆ ಬಡ್ಡಿ ನೂರಕ್ಕೆ 4ಕ್ಕೆ ಇಳಿಯುತ್ತದೆ. ಗಾಡಿಯಲ್ಲಿ ಸಿಕ್ಕಿಕೊಂಡ ಹಣ ಗಡುವಿಗೆ ಹಿಂತಿರುಗುವುದಿಲ್ಲ, ಆ ರಿಯಾಯಿತಿಯೂ ಹೋಗುತ್ತದೆ. ಕಂತನ್ನು ತಿಂಗಳಿಗೆ ಒಪ್ಪಿಕೊಳ್ಳಬೇಡಿ. ಸಂಬಳದವರಿಗೆ ತಿಂಗಳು, ಒಕ್ಕಲುತನಕ್ಕೆ ಸುಗ್ಗಿ. ಶೇಂಗಾ, ಅಡಿಕೆಯ ಹಣ ಕೈಸೇರುವ ಕಾಲಕ್ಕೆ ಬರುವಂತೆ ಆರು ತಿಂಗಳ ಕಂತನ್ನು ಕೇಳಿ ಪಡೆಯಿರಿ.

ಶಿರಾ, ಮಧುಗಿರಿ, ಪಾವಗಡ, ಬಳ್ಳಾರಿಯ ಅಂಗಡಿಗಳು ನಮಗೆ ಹತ್ತಿರ, ಅಲ್ಲಿ ಮಾತೂ ನಮ್ಮದೇ. ಅಲ್ಲಿ ಬೆಲೆ ವಿಚಾರಿಸುವುದರಲ್ಲಿ ತಪ್ಪಿಲ್ಲ. ಆದರೆ ಸಹಾಯಧನ ಗಡಿ ದಾಟುವುದಿಲ್ಲ. ಕರ್ನಾಟಕದವರ ಸಹಾಯಧನ ಅಲ್ಲಿನ ಪಹಣಿಗೆ; ನಮ್ಮದು ಇಲ್ಲಿನ ಪಾಸ್‌ಪುಸ್ತಕಕ್ಕೆ, ಈ ಸರ್ಕಾರ ಒಪ್ಪಿದ ಕಂಪನಿಗಳ ಪಟ್ಟಿಗೆ. ಕೇಂದ್ರದ ಕೃಷಿ ಯಾಂತ್ರೀಕರಣ ಉಪಯೋಜನೆಯಲ್ಲಿ ಸಣ್ಣ, ಅತಿಸಣ್ಣ ರೈತರಿಗೆ, ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ ನೂರಕ್ಕೆ 50ರವರೆಗೆ, ಇತರರಿಗೆ 40ರವರೆಗೆ, ಸಲಕರಣೆಗೊಂದು ಗರಿಷ್ಠ ಮಿತಿಯೊಳಗೆ ನೆರವುಂಟು. ಆಯಾ ವರ್ಷ ಯಾವುದಕ್ಕೆ ಹಣ ಬಂದಿದೆ ಎಂಬುದನ್ನು ಊರಿನ ರೈತು ಸೇವಾ ಕೇಂದ್ರದಲ್ಲಿ ಕೇಳಬೇಕು. ಮೊದಲು ಕೊಂಡು ಆಮೇಲೆ ಅರ್ಜಿ ಹಾಕಿದರೆ ಸಿಗದು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಒಡೆದ ಮೇಲೆ ಮಡಕಶಿರಾದವರ ಜಿಲ್ಲಾ ಕಚೇರಿ ಪುಟ್ಟಪರ್ತಿ, ರಾಯದುರ್ಗದವರದು ಅನಂತಪುರವೇ. ಗಾಡಿಯ ನೋಂದಣಿಯನ್ನು ಅದು ನಿಲ್ಲುವ ಊರಿನ ಕಡೆಯೇ ಮಾಡಿಸಿ; ಕರ್ನಾಟಕದ ನಂಬರಿನ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಹೊಸ ನಂಬರು ಪಡೆಯಬೇಕೆಂಬುದು ಮೋಟಾರು ವಾಹನಗಳ ಕಾಯಿದೆ.

ಈ ಲೆಕ್ಕ ನೋಡಿ ಆಸೆಯನ್ನೇ ಬಿಡಬೇಕೆಂದಲ್ಲ. ನಾಲ್ಕು ಮನೆ ಸೇರಿದರೆ ಎಂಬತ್ತು ಗಂಟೆ ಮುನ್ನೂರಾಗುತ್ತದೆ. ಹಾಗೆ ಗುಂಪಾಗಿ ಬಾಡಿಗೆ ಕೇಂದ್ರ ಮಾಡಿಕೊಳ್ಳುವವರಿಗೆ 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಬಡ್ಡಿಗೆ ನೂರಕ್ಕೆ 3ರ ರಿಯಾಯಿತಿ ಏಳು ವರ್ಷದವರೆಗೆ ಇದೆ. ನಾವು ಈಗ ಮಾಡಿಕೊಂಡಿರುವುದು ಅಷ್ಟು ದೊಡ್ಡದಲ್ಲ. ಗಾಡಿ ನಮ್ಮದು, ಮೂರಡಿ ರೋಟವೇಟರ್ ತೋಟವಿರುವ ದಾಯಾದಿ ಅಣ್ಣನವರದು, ಕೂರಿಗೆ ಇನ್ನಿಬ್ಬರದು. ಯುಗಾದಿಯಂದು ಕುಳಿತು ಹದದ ದಿನ ಯಾರ ಹೊಲ ಮೊದಲು ಎಂದು ಬರೆದಿಟ್ಟುಕೊಳ್ಳುತ್ತೇವೆ. ಮೊದಲಾದವರು ಮುಂದಿನ ವರ್ಷ ಕೊನೆಗೆ. ಜಗಳ ಆಗಿಲ್ಲವೆಂದಲ್ಲ. ಡೀಸೆಲ್ ತುಂಬಿಸಿ ಕೊಡದ ದೂರು ಪ್ರತಿ ವರ್ಷವೂ ಇದ್ದದ್ದೇ, ಹೋದ ಬಾರಿ ಕೂರಿಗೆಯ ನಳಿಗೆ ಮುರಿದದ್ದು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಆದರೂ ಯಾರ ಮೇಲೂ ನಾಲ್ಕು ಲಕ್ಷದ ಹೊರೆಯಿಲ್ಲ.

ಕೊನೆಯದಾಗಿ, ಸಾಲ ತೀರಿದವರು ಕಡೆಯ ಕಂತಿನ ರಸೀತಿ ಸಿಕ್ಕಿತೆಂದು ಸುಮ್ಮನಾಗಬೇಡಿ. ಗಾಡಿಯ ಆರ್.ಸಿ.ಯಲ್ಲಿ ಸಾಲ ಕೊಟ್ಟವರ ಹೆಸರು ಹಾಗೆಯೇ ಉಳಿದಿರುತ್ತದೆ. ಅವರಿಂದ ಬಾಕಿ ಇಲ್ಲವೆಂಬ ಪತ್ರವನ್ನೂ, ಅವರ ಸಹಿಯಾದ 35ನೆಯ ನಮೂನೆಯನ್ನೂ ಪಡೆದು ಆರ್.ಟಿ.ಓ. ಕಚೇರಿಗೆ ಕೊಟ್ಟು ಆ ಹೆಸರನ್ನು ತೆಗೆಸಬೇಕು. ಜಮೀನು ಅಡವಿಟ್ಟಿದ್ದವರು ಋಣಭಾರ ಪತ್ರವನ್ನು ಹೊಸದಾಗಿ ತೆಗೆಸಿ, ಸರ್ವೆ ನಂಬರಿನ ಮೇಲೆ ಬ್ಯಾಂಕಿನ ಹೆಸರು ಹೋಗಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.